ಡ್ರಮ್ ಇಲ್ಲದೆ ಕಾಲು ಕುಣಿಸುವ ಮೂವರು

ಎಲ್ಲರಿಗೂ ನಮಸ್ಕಾರ.

ಈಗ ನೀವು ಕೇಳಿದ್ದು ರೋಸೆನ್‌ಬರ್ಗ್ ಟ್ರಿಯೊ. ನೆದರ್ಲೆಂಡ್ಸ್‌ನವರು, ಒಂದೇ ಕುಟುಂಬದ ಮೂವರು. ಸ್ಟೋಕೆಲೊ ಸೋಲೋ ಗಿಟಾರ್, ನೂಶೆ ರಿದಮ್ ಗಿಟಾರ್, ನಾನಿ ಡಬಲ್ ಬೇಸ್. ಕೇಳುತ್ತಾ ಕೇಳುತ್ತಾ ನಿಮ್ಮಲ್ಲಿ ಎಷ್ಟೋ ಜನ ಕಾಲು ತಟ್ಟುತ್ತಿದ್ದಿರಿ, ಅಲ್ವಾ? ಆದರೆ ಅಲ್ಲಿ ಡ್ರಮ್ ಇಲ್ಲ. ಚರ್ಮದ ವಾದ್ಯ ಯಾವುದೂ ಇಲ್ಲ. ಇರುವುದೆಲ್ಲ ಬರೀ ತಂತಿ.

ಹಾಗಾದರೆ ತಾಳ ಎಲ್ಲಿಂದ ಬಂತು? ಇವತ್ತಿನ ಮಾತು ಅದರ ಬಗ್ಗೆಯೇ. ಸೋಲೋ ನುಡಿಸುವವರನ್ನು ಹೊಗಳಲು ಬೇಕಾದಷ್ಟು ಜನ ಇದ್ದಾರೆ. ನಾನು ಪಕ್ಕದ ಕುರ್ಚಿಯಲ್ಲಿ ಕೂತು ಸುಮ್ನೆ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಹೊಡೆಯುವವರ ಪರ ವಕಾಲತ್ತು ಮಾಡಲು ಬಂದಿದ್ದೇನೆ.

ಈ ಸಂಗೀತಕ್ಕೆ ಜಿಪ್ಸಿ ಜಾಝ್ ಎಂದು ಹೆಸರು. 'ಜಿಪ್ಸಿ' ಎಂದು ಕರೆಸಿಕೊಳ್ಳುವುದು ರೋಮಾ ಜನರಲ್ಲಿ ಅನೇಕರಿಗೆ ಇಷ್ಟವಿಲ್ಲ. ಫ್ರಾನ್ಸ್‌ನಲ್ಲಿ ಇದನ್ನು ಮನೂಷ್ ಜಾಝ್ ಅನ್ನುತ್ತಾರೆ. ಮನೂಷ್ ಅಂದರೆ ಅಲ್ಲಿನ ರೋಮಾ ಸಮುದಾಯದ ಒಂದು ಗುಂಪು. ಇದನ್ನು ಹುಟ್ಟಿಸಿದ ಜಾಂಗೊ ರೈನ್‌ಹಾರ್ಟ್ ಆ ಗುಂಪಿನವನು. 1910ರಲ್ಲಿ ಬೆಲ್ಜಿಯಂನ ಲಿಬರ್ಷಿಯಲ್ಲಿ ಹುಟ್ಟಿದ, ಪ್ಯಾರಿಸ್ಸಿನ ಅಂಚಿನ ಬಿಡಾರಗಳಲ್ಲಿ ಬೆಳೆದ. ಓದು ಬರಹ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸ್ವರಲಿಪಿಯಂತೂ ಬರುತ್ತಿರಲಿಲ್ಲ. ಹುಡುಗನಾಗಿದ್ದಾಗಲೇ ನೃತ್ಯದ ಹಾಲ್‌ಗಳಲ್ಲಿ ಅಕಾರ್ಡಿಯನ್‌ನವರ ಜೊತೆ ಬ್ಯಾಂಜೊ ಹಿಡಿದು ಕೂರುತ್ತಿದ್ದ. ಇದನ್ನು ಗಮನಿಸಿ. ಮುಂದೆ ಅಷ್ಟು ದೊಡ್ಡ ಸೋಲೋ ವಾದಕನಾದವನು ಮೊದಲು ಪಕ್ಕವಾದ್ಯದವನಾಗಿದ್ದ.

1928ರಲ್ಲಿ ಅವನ ಬಿಡಾರದ ಗಾಡಿಗೆ ಬೆಂಕಿ ಬಿತ್ತು. ಮಾರಲು ಮಾಡಿಟ್ಟಿದ್ದ ಸೆಲ್ಯುಲಾಯ್ಡ್ ಹೂಗಳು ಹೊತ್ತಿಕೊಂಡವು. ಎಡಗೈಯ ಉಂಗುರಬೆರಳು, ಕಿರುಬೆರಳು ಸುಟ್ಟು ಮಡಚಿಕೊಂಡವು. ಆಮೇಲೆ ಸೋಲೋ ಎಲ್ಲ ಎರಡೇ ಬೆರಳಲ್ಲಿ. ಈ ಕತೆ ನೀವು ಕೇಳಿರುತ್ತೀರಿ, ಹೆಚ್ಚು ಎಳೆಯುವುದಿಲ್ಲ. ಒಂದು ಮಾತು ಮಾತ್ರ. ಸುಟ್ಟ ಬೆರಳುಗಳನ್ನು ಅವನು ಪೂರ್ತಿ ಕೈಬಿಡಲಿಲ್ಲ. ಕಾರ್ಡ್ ಹಿಡಿಯುವಾಗ ಸಣ್ಣ ತಂತಿಗಳ ಮೇಲೆ ಅವನ್ನೂ ಒತ್ತಿಡುತ್ತಿದ್ದ.

ಈಗ 1934ಕ್ಕೆ ಬನ್ನಿ. ಪ್ಯಾರಿಸ್ಸಿನ ಕ್ಲಾರಿಜ್ ಹೋಟೆಲಿನಲ್ಲಿ ಲೂಯಿ ವೋಲಾ ಅನ್ನುವವನ ತಂಡದಲ್ಲಿ ಜಾಂಗೊ ಇದ್ದ, ಪಿಟೀಲಿನ ಸ್ಟೆಫಾನ್ ಗ್ರಾಪೆಲಿಯೂ ಇದ್ದ. ಬಿಡುವು ಸಿಕ್ಕಾಗ ಇಬ್ಬರೂ ವೇದಿಕೆಯ ಹಿಂದೆ ಸೇರಿ ತಮ್ಮ ಖುಷಿಗೆ ನುಡಿಸುತ್ತಿದ್ದರು. ಜಾಂಗೊನ ತಮ್ಮ ಜೋಸೆಫ್, ರೋಜೆ ಶಾಪು ಗಿಟಾರ್ ಹಿಡಿದು ಸೇರಿಕೊಂಡರು, ವೋಲಾ ಬೇಸ್ ಹಿಡಿದ. ಅದೇ ಹಾಟ್ ಕ್ಲಬ್ ದ ಫ್ರಾನ್ಸ್‌ನ ಕ್ವಿಂಟೆಟ್, ಅಂದರೆ ಐವರ ತಂಡ, ಆಯಿತು. ಇಲ್ಲಿ ಒಂದು ಪ್ರಸಿದ್ಧ ಸಂಗತಿ ಇದೆ. ಮೊದಲು ಗಿಟಾರ್ ಎರಡೇ ಇದ್ದವು. ಪಿಟೀಲು ಸೋಲೋ ನುಡಿಸುವಾಗ ಅದರ ಹಿಂದೆ ಎರಡು ಗಿಟಾರ್, ತನ್ನ ಸರದಿ ಬಂದಾಗ ಒಂದೇ ಎಂದು ಜಾಂಗೊ ದೂರಿದನಂತೆ. ಅದಕ್ಕೇ ಇನ್ನೊಬ್ಬ ರಿದಮ್ ಗಿಟಾರಿನವನನ್ನು ತಂದರು. ಅಂಥ ಕಲಾವಿದನಿಗೂ ಬೆನ್ನಿಗೆ ಆಳು ಕಡಿಮೆಯಾದರೆ ಗೊತ್ತಾಗುತ್ತಿತ್ತು.

ಆ ಬೆನ್ನಿನ ಕೆಲಸಕ್ಕೆ 'ಲಾ ಪೊಂಪ್' ಅನ್ನುತ್ತಾರೆ. ನಾಲ್ಕು ಎಣಿಕೆ. ಒಂದು ಮತ್ತು ಮೂರರಲ್ಲಿ ಪಿಕ್, ಅಂದರೆ ತಂತಿ ಮೀಟುವ ಬಿಲ್ಲೆ, ದಪ್ಪ ತಂತಿಗಳ ಮೇಲೆ ಮೆತ್ತಗೆ ಬೀಳುತ್ತದೆ. ಎರಡು ಮತ್ತು ನಾಲ್ಕರಲ್ಲಿ ಎಲ್ಲ ತಂತಿಗಳ ಮೇಲೂ ಚುರುಕಾಗಿ ಒಂದು ಏಟು. ಏಟು ಬಿದ್ದ ತಕ್ಷಣ ಎಡಗೈ ಬೆರಳು ಸಡಿಲವಾಗಬೇಕು. ತಂತಿ ಬಿಡಬಾರದು, ಒತ್ತಡ ಮಾತ್ರ ಬಿಡಬೇಕು. ಆಗ ನಾದ ಕತ್ತರಿಸಿದ ಹಾಗೆ ನಿಂತು 'ಚಕ್' ಅನ್ನುತ್ತದೆ. ಆ 'ಚಕ್' ಇದೆಯಲ್ಲ, ಅದೇ ಡ್ರಮ್ಮು. ಲಯವಿರುವುದು ಹೊಡೆತದಲ್ಲಿ ಅರ್ಧ, ನಾದವನ್ನು ನಿಲ್ಲಿಸುವುದರಲ್ಲಿ ಅರ್ಧ. ಕೆಲವರು ಒಂದು ಮತ್ತು ಮೂರರ ಮುಂಚೆ ಕೆಳಗಿನಿಂದ ಮೇಲಕ್ಕೆ ಒಂದು ಸಣ್ಣ ಗೀರು ಸೇರಿಸುತ್ತಾರೆ. ಅದು ಜಾಸ್ತಿಯಾದರೆ ಕುದುರೆ ಕುಂಟಿದ ಹಾಗೆ ಕೇಳುತ್ತದೆ.

ನಮಗೆ ಇಲ್ಲಿ ಒಂದು ತೊಡಕು. ಆದಿತಾಳ ಹಾಕಿ ಬೆಳೆದ ಕೈ ತಾನಾಗಿ ಮೊದಲ ಎಣಿಕೆಗೆ ತಟ್ಟುತ್ತದೆ. ಈ ಸಂಗೀತಕ್ಕೆ ಎರಡು ಮತ್ತು ನಾಲ್ಕಕ್ಕೆ ತಟ್ಟಬೇಕು. ಮನೆಗೆ ಹೋಗಿ 1937ರ 'ಮೈನರ್ ಸ್ವಿಂಗ್' ಹಾಕಿ ಎರಡೂ ಥರ ತಟ್ಟಿ ನೋಡಿ. ಅದೇ ಹಾಡು ಬೇರೆಯಾಗಿ ಕೇಳುತ್ತದೆ.

ಕ್ವಿಂಟೆಟ್‌ನಲ್ಲಿ ಈ ಕೆಲಸಕ್ಕೆ ಇಬ್ಬರಿದ್ದರು. ಟ್ರಿಯೊದಲ್ಲಿ ಒಬ್ಬನೇ. ಹಾಗಾಗಿ ನೂಶೆಯ ಕೈ ಒಂದು ಕ್ಷಣ ತಪ್ಪಿದರೂ ಎಲ್ಲ ಬಯಲಾಗುತ್ತದೆ. ಬೇಸ್ ಬಹಳ ಹೊತ್ತು ಒಂದು ಮತ್ತು ಮೂರಕ್ಕೆ ಮಾತ್ರ ನುಡಿಯುತ್ತದೆ, ಮಿಕ್ಕ ಎರಡನ್ನು ಗಿಟಾರ್ ನೋಡಿಕೊಳ್ಳುತ್ತದೆ. ಹೀಗೆ ಇಬ್ಬರೂ ಸೇರಿ ಒಂದು ಡ್ರಮ್ ಕಟ್ಟುತ್ತಾರೆ. ಪಿಟೀಲು, ಒಂದು ಗಿಟಾರ್, ಬೇಸ್ ಇರುವ ಟ್ರಿಯೊ ಇನ್ನೂ ಕಷ್ಟ. ಗಿಟಾರಿನವನು ಸೋಲೋಗೆ ಹೋದರೆ 'ಚಕ್' ಮಾಯ. ಆಗ ಜಾಣರು ಸೋಲೋ ನಡುವೆಯೇ ಕಾರ್ಡ್ ತುಂಡುಗಳನ್ನು ಸೇರಿಸುತ್ತಾರೆ, ಇಲ್ಲವೇ ಪಿಟೀಲಿನವರು ತಂತಿ ಮೀಟಿ ತಾಳ ಕೊಡುತ್ತಾರೆ.

ವಾದ್ಯದ ಬಗ್ಗೆಯೂ ಎರಡು ಮಾತು. ಮಾರಿಯೊ ಮಕಫೆರಿ ವಿನ್ಯಾಸ ಮಾಡಿದ ಗಿಟಾರನ್ನು ಸೆಲ್ಮರ್ ಕಂಪನಿ 1932ರಿಂದ ತಯಾರಿಸಿತು. ಮೊದಲಿನವುಗಳ ಬಾಯಿ ಇಂಗ್ಲಿಷ್ 'ಡಿ' ಆಕಾರದ್ದು, ದೊಡ್ಡದು. ಆಮೇಲಿನವಕ್ಕೆ ಸಣ್ಣ ಮೊಟ್ಟೆಯಾಕಾರ. ಇದರ ನಾದ ಮೆತ್ತಗಿಲ್ಲ, ಸಿಹಿಯೂ ಅಲ್ಲ. ತೀಕ್ಷ್ಣವಾಗಿ ಬಂದು ಬೇಗ ಆರಿಹೋಗುತ್ತದೆ. ಮೈಕ್ ನೆಚ್ಚಿಕೊಳ್ಳದೆ ಗದ್ದಲದ ಹಾಲ್‌ನಲ್ಲಿ ಕೇಳಿಸಬೇಕಾದರೆ ಬೇಕಿದ್ದದ್ದು ಅದೇ. ಬೇಗ ಆರುವ ಗುಣ ಪೊಂಪ್‌ಗೂ ಅನುಕೂಲ.

ಪ್ರತಿ ಸಲ ಯಾರಾದರೂ ಕೇಳುತ್ತಾರೆ: ರೋಮಾ ಜನ ಭಾರತದಿಂದ ಹೋದವರು, ಹಾಗಾದರೆ ಇದು ನಮ್ಮದೇ ಸಂಗೀತ ಅಲ್ವಾ? ಅವರ ಪೂರ್ವಿಕರು ಸುಮಾರು ಸಾವಿರ ವರ್ಷದ ಹಿಂದೆ ಭಾರತದ ವಾಯವ್ಯ ಭಾಗದಿಂದ ಹೊರಟದ್ದು ನಿಜ. ಈ ಹಾಡುಗಳಲ್ಲಿ ನಮ್ಮ ಕಿವಿಗೆ ಕೀರವಾಣಿ ರಾಗದ ಸ್ವರಗಳು ಸಿಗುವುದೂ ನಿಜ. ಅಷ್ಟಕ್ಕೇ ನಮ್ಮದು ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಇಲ್ಲಿ ಕೆಳಗಿನ ಕಾರ್ಡ್ ಬದಲಾಗುತ್ತಲೇ ಇರುತ್ತದೆ, ರಾಗದ ಹಾಗೆ ಒಂದು ಷಡ್ಜದ ಮೇಲೆ ನೆಲೆ ನಿಲ್ಲುವುದಿಲ್ಲ. ಇದು ಅಮೆರಿಕದ ಕಪ್ಪು ಜನರ ಜಾಝನ್ನು ಪ್ಯಾರಿಸ್ಸಿನ ಮನೂಷರು ತಮ್ಮದು ಮಾಡಿಕೊಂಡ ಕತೆ. ನಾಜಿಗಳು ಲಕ್ಷಾಂತರ ರೋಮಾ ಜನರನ್ನು ಕೊಂದ ಕಾಲವನ್ನೂ ದಾಟಿ ಅದು ಉಳಿಯಿತು. ನಮಗೆ ನಿಜವಾದ ನಂಟು ಬೇಕೆಂದರೆ ಬೇರೆ ಇದೆ. ನಮ್ಮ ಬೆಂಗಳೂರಿನಲ್ಲಿ ನೆಲೆಸಿದ ಪಿಟೀಲು ವಾದಕ ಎಲ್. ಸುಬ್ರಮಣ್ಯಂ ಅವರು ಇದೇ ಗ್ರಾಪೆಲಿ ಜೊತೆ 'ಕಾನ್ವರ್ಸೇಷನ್ಸ್' ಎಂಬ ಆಲ್ಬಂ ಮಾಡಿದ್ದಾರೆ. ಎರಡು ಪಿಟೀಲು, ಎರಡು ಸಂಪ್ರದಾಯ. ಕೇಳಿ.

ಇಲ್ಲಿ ಗಿಟಾರ್ ಕಲಿಯುವ ಹುಡುಗರು ಕೆಲವರಿದ್ದೀರಿ. ನೀವು ನೋಡುವ ವಿಡಿಯೋಗಳಲ್ಲಿ ಬರೀ ವೇಗದ ಸೋಲೋಗಳೇ. ನನಗಂತೂ ಆ ಓಟದ ಪಂದ್ಯ ಬೇಸರ ತರಿಸುತ್ತದೆ. ಮನೂಷ್ ಮನೆಗಳಲ್ಲಿ ಮಕ್ಕಳ ಕೈಗೆ ಸಾಮಾನ್ಯವಾಗಿ ಮೊದಲು ರಿದಮ್ ಕೊಡುತ್ತಾರೆ. ನೀವೂ ಹಾಗೇ ಶುರು ಮಾಡಿ. ತೆಳು ಪಿಕ್ ಬೇಡ, ಬಗ್ಗದಂಥ ದಪ್ಪದ್ದು ತನ್ನಿ. ತಾಳಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ನಿಧಾನಕ್ಕೆ ಇಟ್ಟು, ಅದರ ಟಿಕ್ ಎರಡು ಮತ್ತು ನಾಲ್ಕಕ್ಕೆ ಬೀಳುವಂತೆ ಎಣಿಸಿ. ಬಲ ಮಣಿಕಟ್ಟು ಸಡಿಲವಾಗಿರಲಿ, ಮೊಳಕೈಯಿಂದ ಹೊಡೆಯಬೇಡಿ. ನಿಮ್ಮ ಜೊತೆ ಇನ್ನೊಬ್ಬರು ಹಾಡಲಿ ಅಥವಾ ನುಡಿಸಲಿ. ಅವರು ವೇಗ ಏರಿಸಿದರೂ ನೀವು ಏರಿಸಬೇಡಿ.