ಗದ್ದೆ ಉಳಿಸಿಕೊಂಡವರ ಕೈಗೆ ದುಡ್ಡು ಕೊಡಿ

ಎಲ್ಲರಿಗೂ ನಮಸ್ಕಾರ. ಹೋದ ವಾರದ ವಿಡಿಯೋಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. 'ಗದ್ದೆ ಮಾಡಿ ಯಾರು ಉದ್ಧಾರ ಆಗಿದ್ದಾರೆ? ಸೈಟ್ ಮಾಡಿ ಮಾರಿದರೆ ನಿಮಗ್ಯಾಕೆ ಹೊಟ್ಟೆಯುರಿ?' ಅಂತ. ಅದಕ್ಕೆ ಲೈಕ್ ಮೇಲೆ ಲೈಕ್. ಲೈಕ್ ಒತ್ತಿದವರಲ್ಲಿ ನಮ್ಮ ಕೊಡಗಿನ ಪೊನ್ನಂಪೇಟೆ, ವಿರಾಜಪೇಟೆ ಕಡೆಯವರೂ ಇದ್ದಾರೆ. ಅದೇ ಬೇಜಾರು.

ಹೊಟ್ಟೆಯುರಿ ಅಲ್ಲ ಸ್ವಾಮಿ. ನಾನು ಹೇಳುವುದು ಒಂದೇ ಮಾತು. ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡವರಿಗೆ ಪಂಚಾಯಿತಿ ವರ್ಷ ವರ್ಷ ದುಡ್ಡು ಕೊಡಬೇಕು. ಶಾಲು ಬೇಡ, ಹಾರ ಬೇಡ. ದುಡ್ಡು.

ಲೆಕ್ಕ ಹಾಕೋಣ ಬನ್ನಿ. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ಎಕರೆಗೆ 20 ಕ್ವಿಂಟಾಲ್ ಬಂತು ಅಂತಲೇ ಇಟ್ಟುಕೊಳ್ಳಿ, 47,380 ರೂಪಾಯಿ ಆಯ್ತು. ಅದರಲ್ಲಿ ಉಳುಮೆ, ನಾಟಿ ಕೂಲಿ, ಗೊಬ್ಬರ, ಕೊಯ್ಲು ಎಲ್ಲ ಕಳೆಯಿರಿ. ಆನೆ ಒಂದು ರಾತ್ರಿ ಇಳಿದರೆ ಉಳಿದದ್ದೂ ಇಲ್ಲ. ಇತ್ತ ರಸ್ತೆ ಪಕ್ಕದ ಗದ್ದೆಗೆ ಸೆಂಟ್ ಲೆಕ್ಕದಲ್ಲಿ ರೇಟು ಕೇಳಿಕೊಂಡು ಊರಾಚೆಯಿಂದ ಜನ ಬರುತ್ತಾರೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದು ಹಾಕಿದ ಮೇಲೆ ಕೃಷಿಕರಲ್ಲದವರಿಗೂ ಜಮೀನು ಕೊಳ್ಳಲು ಬಾಗಿಲು ತೆರೆಯಿತು. ಮಗಳ ಮದುವೆ, ಮಗನ ಓದು ಎದುರಿಗಿರುವಾಗ ಎಷ್ಟು ದಿನ ತಡೆದುಕೊಳ್ಳುತ್ತಾರೆ? ಮಾರಿದವರನ್ನು ಬೈದು ಏನೂ ಪ್ರಯೋಜನ ಇಲ್ಲ. ಇನ್ನೂ ಮಾರದವರ ಕೈ ಹಿಡಿಯಬೇಕು.

'ಅವರ ಜಾಗ, ಅವರಿಷ್ಟ' ಅನ್ನುವವರು ಜುಲೈಯಲ್ಲಿ ಒಮ್ಮೆ ಬಂದು ನೋಡಿ. ಬಾಣೆ, ಅಂದರೆ ಗದ್ದೆ ಪಕ್ಕದ ಏರು ಜಾಗ, ಅದನ್ನು ಬಗೆದ ಕೆಂಪು ಮಣ್ಣನ್ನು ಟಿಪ್ಪರ್‌ನಲ್ಲಿ ತಂದು ಗದ್ದೆಗೆ ಸುರಿಯುತ್ತಾರೆ. ತೋಡು, ಅಂದರೆ ನೀರು ಹರಿಯುವ ಸಣ್ಣ ಹಳ್ಳ, ಇದ್ದ ಕಡೆ ಒಂದು ಸಿಮೆಂಟ್ ಪೈಪು ಹೂಳುತ್ತಾರೆ. ಮಳೆ ಹಿಡಿದರೆ ಪೈಪಿನ ಬಾಯಿಗೆ ಕಸಕಡ್ಡಿ, ಪ್ಲಾಸ್ಟಿಕ್ ಬಂದು ಸಿಕ್ಕಿಕೊಳ್ಳುತ್ತದೆ. ನೀರು ಮೇಲಿನವರ ಗದ್ದೆಯಲ್ಲೇ ನಿಲ್ಲುತ್ತದೆ, ಆಗಷ್ಟೇ ನೆಟ್ಟ ಪೈರು ಮುಳುಗಿ ಕೊಳೆಯುತ್ತದೆ. ಕೆಳಗಿನವರ ಗದ್ದೆ ತುಂಬ ಕೆಂಪು ಕೆಸರು. ಒಬ್ಬರು ಮಾರಿದ್ದಕ್ಕೆ ಅಕ್ಕಪಕ್ಕದವರ ಬೇಸಾಯವೂ ಹೋಯ್ತು. ಮರುವರ್ಷ ಅವರೂ ಪಾಳು ಬಿಡುತ್ತಾರೆ, ಆಮೇಲೆ ಅವರೂ ಮಾರುತ್ತಾರೆ.

ಗದ್ದೆಯ ಬದುಗಳು ಮಳೆ ನೀರನ್ನು ತಡೆದು ನಿಲ್ಲಿಸುತ್ತವೆ. ಅದು ಇಂಗಿ, ನಿಧಾನಕ್ಕೆ ತೋಡಿಗಿಳಿದು, ಕಾವೇರಿ ಸೇರುತ್ತದೆ. ಮಂಡ್ಯದವರು ಬೆಳೆಗೆ ಹಾಯಿಸುವುದು ಈ ಕಾವೇರಿಯನ್ನೇ. ಬೆಂಗಳೂರು ಕುಡಿಯುವುದೂ ಇದನ್ನೇ. ಇಷ್ಟು ಕೆಲಸ ಮಾಡುವ ಗದ್ದೆಗೆ ಕೂಲಿ ಕೊಡಬಾರದಾ?

ಇದೇನು ಹೊಸ ಮಾತಲ್ಲ. ನಮ್ಮ ಬಾಣೆ ಯಾಕಿತ್ತು ಹೇಳಿ? ಗದ್ದೆ ಮಾಡುವವರಿಗೆ ಸೊಪ್ಪು, ಸೌದೆ, ದನದ ಮೇವಿಗೆ ಅಂತ ಗದ್ದೆಯ ಜೊತೆ ಕಂದಾಯ ಇಲ್ಲದೆ ಬಿಟ್ಟುಕೊಟ್ಟ ಜಾಗ ಅದು. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಗದ್ದೆಗೆ, ಪೂರ್ತಿ ಕಂದಾಯ ಕಟ್ಟುವ ಮಾಮೂಲಿ ಸಾಗು ಗದ್ದೆಯ ಅರ್ಧ ಕಂದಾಯ ಇತ್ತು. ಅವತ್ತಿನ ಆಡಳಿತಕ್ಕೆ ತಿಳಿದದ್ದು ಇವತ್ತಿನವರಿಗೆ ತಿಳಿಯುವುದಿಲ್ವಾ? (ಜಮ್ಮಾ ಬಾಣೆ ಬಗ್ಗೆಯೇ ಒಂದು ಎಪಿಸೋಡ್ ಮಾಡಿದ್ದೇನೆ, ಚಾನೆಲ್‌ನಲ್ಲಿದೆ, ನೋಡಿ. ಸಬ್‌ಸ್ಕ್ರೈಬ್ ಮಾಡದೇ ಇದ್ದರೆ ಈಗಲೇ ಮಾಡಿ.)

ಗಡಿಯಾಚೆ ಕೇರಳ ನೋಡಿ. ಅಲ್ಲಿ 2008ರಲ್ಲೇ ಗದ್ದೆ ಉಳಿಸುವ ಕಾಯ್ದೆ ಬಂತು. 2020ರಲ್ಲಿ ಗದ್ದೆ ಉಳಿಸಿಕೊಂಡ ಮಾಲೀಕರಿಗೆ ಹೆಕ್ಟೇರಿಗೆ 2,000 ರೂಪಾಯಿ ಕೊಡಲು ಶುರು ಮಾಡಿದರು. ಕಡಿಮೆಯೇ, ಆದರೂ ಕೊಟ್ಟರು. ಅಮೆರಿಕದ ಕಿಂಗ್ ಕೌಂಟಿ ಅನ್ನುವ ಜಿಲ್ಲೆಯಲ್ಲಿ 1979ರಲ್ಲೇ ಕೃಷಿ ಜಮೀನು ಉಳಿಸಲು ಜನ ಓಟು ಹಾಕಿ 5 ಕೋಟಿ ಡಾಲರ್ ಒಪ್ಪಿಕೊಂಡರು. ರೈತರ ಜಮೀನು ರೈತರ ಹತ್ತಿರವೇ ಇರುತ್ತದೆ. ಅಲ್ಲಿ ಕಟ್ಟಡ ಕಟ್ಟುವ ಹಕ್ಕನ್ನು ಮಾತ್ರ ಸ್ಥಳೀಯ ಸರ್ಕಾರ ಕೊಂಡು, ಕಟ್ಟದ ಹಾಗೆ ನೋಡಿಕೊಳ್ಳುತ್ತದೆ.

'ಪಂಚಾಯಿತಿ ಹತ್ತಿರ ದುಡ್ಡೆಲ್ಲಿದೆ?' ಅಂತ ಕೇಳುತ್ತಾರೆ. ರಿಸಾರ್ಟು, ಹೋಂಸ್ಟೇ ಕಟ್ಟಡಗಳ ತೆರಿಗೆ ಎಲ್ಲಿಗೆ ಹೋಗುತ್ತದೆ? ಪಂಚಾಯಿತಿಗೇ ಅಲ್ವಾ? ಪ್ರವಾಸಿಗರು ಫೋಟೋ ತೆಗೆಯುವುದು ಈ ಹಸಿರು ಗದ್ದೆಯದ್ದೇ. ಆ ತೆರಿಗೆಯಲ್ಲಿ ಒಂದು ಪಾಲು ಗದ್ದೆಗೆ ಅಂತ ತೆಗೆದಿಡಿ. ಸಾಲದಿದ್ದರೆ ಕಾವೇರಿ ನೀರು ಕುಡಿಯುವ ಊರುಗಳಿಂದ ಸರ್ಕಾರ ಕೊಡಿಸಲಿ. ಹತ್ತು ವರ್ಷ, ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಕನ್ವರ್ಷನ್‌ಗೆ ಅರ್ಜಿ ಹಾಕುವುದಿಲ್ಲ ಅಂತ ಬರೆದುಕೊಟ್ಟವರಿಗೆ ದುಡ್ಡು ನೇರ ಖಾತೆಗೆ ಹಾಕಿ. ಮಾತು ಮುರಿದರೆ ಬಡ್ಡಿ ಸಮೇತ ವಾಪಸ್ ತೆಗೆದುಕೊಳ್ಳಿ. ಕನ್ವರ್ಷನ್ ಆದೇಶ ಕೊಡಲು ವ್ಯವಸ್ಥೆ ಇದೆ, ಕನ್ವರ್ಷನ್ ಬೇಡ ಅಂದವರಿಗೆ ಕೊಡಲು ಏನೂ ಇಲ್ಲ. ಇದು ಯಾವ ನ್ಯಾಯ?

'ಅಭಿವೃದ್ಧಿ ವಿರೋಧಿ' ಅಂತೀರಾ? ಅನ್ನಿ. 2018ರ ಮಳೆಯಲ್ಲಿ ಗುಡ್ಡ ಜರಿದು ಮನೆ ಕಳೆದುಕೊಂಡವರ ಎದುರು ನಿಂತು ಆ ಮಾತು ಹೇಳಿ ನೋಡೋಣ. ನಮ್ಮ ಸುಗ್ಗಿ ಹಬ್ಬ ಹುತ್ತರಿ ದಿನ ಬೇರೆಯವರ ಗದ್ದೆಯಿಂದ ಕದಿರು, ಅಂದರೆ ಭತ್ತದ ತೆನೆ, ತರುವ ಮನೆ ಇವತ್ತು ಎಷ್ಟಿಲ್ಲ? ಆ ಬೇರೆಯವರೂ ಮಾರಿದರೆ ಕದಿರು ಎಲ್ಲಿಂದ ತರ್ತೀರಿ? ಅವರಿಗೆ ದುಡ್ಡು ಕೊಡಿ ಸ್ವಾಮಿ, ಕೊಡಿ! ಬೇರೆ ಏನೂ ಕೇಳ್ತಿಲ್ಲ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಹೋಗಿ, ಎದ್ದು ನಿಂತು ಕೇಳಿ, ನಡಾವಳಿಯಲ್ಲಿ ಬರೆಸಿ. ಬರೆದ ಪುಟದ ಫೋಟೋ ನನಗೆ ಕಳಿಸಿ, ನಿಮ್ಮ ಪಂಚಾಯಿತಿ ಹೆಸರು ಹೇಳಿ ಇಲ್ಲೇ ಓದುತ್ತೇನೆ. ಈ ವಿಡಿಯೋವನ್ನು ನಿಮ್ಮ ಊರಿನ ವಾಟ್ಸಾಪ್ ಗುಂಪಿಗೆ ಹಾಕಿ. ಮುಂದಿನ ವಾರ ಆನೆ ಕಂದಕದ ವಿಷಯ ಇದೆ, ತಪ್ಪಿಸಬೇಡಿ.