ಕರಗದ ಮಂಜುಗಡ್ಡೆ

ಕೇಳುಗರಿಗೆ ನಮಸ್ಕಾರ.

ಸ್ಫಟಿಕದ ಮಾಲೆ ಹಾಕಿಕೊಂಡವರನ್ನು ಕೇಳಿ ನೋಡಿ, ಕೊರಳಿಗೆ ಬಿದ್ದ ಕೂಡಲೇ ತಣ್ಣಗೆ ತಾಗುತ್ತದೆ ಅನ್ನುತ್ತಾರೆ. ಗಾಜಿನ ಮಣಿಗೆ ಅಷ್ಟು ತಂಪಿಲ್ಲ. ಸ್ಫಟಿಕ ಮೈಯ ಶಾಖವನ್ನು ಗಾಜಿಗಿಂತ ಬೇಗ ಎಳೆದುಕೊಳ್ಳುತ್ತದೆ, ಅಷ್ಟೇ ಗುಟ್ಟು. ‘ಕ್ರಿಸ್ಟಲ್’ ಎಂಬ ಪದ ಹುಟ್ಟಿದ್ದೂ ಚಳಿಯಲ್ಲೇ.

ಹಳೆಯ ಗ್ರೀಕರಲ್ಲಿ ‘ಕ್ರುಸ್ಟಲ್ಲೋಸ್’ ಅಂದರೆ ಮೊದಲಿಗೆ ಬರೀ ಮಂಜುಗಡ್ಡೆ. ‘ಕ್ರುಓಸ್’ ಅಂದರೆ ಕೊರೆಯುವ ಚಳಿ. ಆಮೇಲೆ ಬೆಟ್ಟದಲ್ಲಿ ಸಿಗುವ ತಿಳಿಯಾದ ಸ್ಫಟಿಕಕ್ಕೂ ಅದೇ ಹೆಸರು ಬಿತ್ತು. ರೋಮಿನ ಬರಹಗಾರ ಪ್ಲಿನಿ, ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಉಗುಳಿದಾಗ ತೀರಿಕೊಂಡವನು, ಇದು ಗಟ್ಟಿಯಾಗಿ ಹೆಪ್ಪುಗಟ್ಟಿದ ಹಿಮವೇ ಎಂದು ಬರೆದಿಟ್ಟ. ಹಿಮ ತಾನೇ, ಬಿಸಿ ತಾಳುವುದಿಲ್ಲ. ಆದ್ದರಿಂದ ಸ್ಫಟಿಕದ ಬಟ್ಟಲಲ್ಲಿ ತಣ್ಣನೆಯದನ್ನು ಮಾತ್ರ ಕುಡಿಯಬೇಕಂತೆ! ಅದೇ ಪ್ಲಿನಿ ಇನ್ನೊಂದು ಮಾತನ್ನೂ ಹೇಳುತ್ತಾನೆ: ವೈದ್ಯರು ಸ್ಫಟಿಕದ ಗುಂಡನ್ನು ಬಿಸಿಲಿಗೆ ಹಿಡಿದು ರೋಗಿಯ ಮೈ ಸುಡುತ್ತಿದ್ದರು. ಹಿಮದಿಂದ ಬರೆ! ಕಡುಚಳಿಯ ನಾಡಿನಲ್ಲಷ್ಟೇ ಇದು ಸಿಗುತ್ತದೆ ಎಂದವನೇ, ಭಾರತದ ಸ್ಫಟಿಕಕ್ಕೆ ಸಾಟಿಯಿಲ್ಲ ಎಂದೂ ಹೊಗಳಿದ್ದಾನೆ. ಪಾಪ, ನಮ್ಮ ಬಿಸಿಲು ಅವನಿಗೇನು ಗೊತ್ತು.

ಸ್ಫಟಿಕ ಹಿಮವೋ ಅಲ್ಲವೋ ಎಂಬ ಜಗಳ ಒಂದು ಲೋಟ ನೀರಿದ್ದರೆ ತೀರುತ್ತಿತ್ತು. ಮಂಜುಗಡ್ಡೆ ತೇಲುತ್ತದೆ. ಸ್ಫಟಿಕ ನೀರಿಗಿಂತ 2.65 ಪಟ್ಟು ಭಾರ, ಟಣ್ಣೆಂದು ತಳ ಸೇರುತ್ತದೆ.

ಕಾಲ ಕಳೆದಂತೆ ಉಪ್ಪು, ಸಕ್ಕರೆ, ಮೂಲೆ ಅಂಚುಗಳಿರುವ ಎಲ್ಲದಕ್ಕೂ ಈ ಹೆಸರು ಹರಡಿತು. ಸ್ವಿಟ್ಜರ್ಲೆಂಡಿನ ಲುಸರ್ನ್ ಊರಿನ ವೈದ್ಯ ಕಾಪೆಲ್ಲರ್ 1723ರಲ್ಲಿ ತನ್ನ ಪುಸ್ತಕಕ್ಕೆ ‘ಕ್ರಿಸ್ಟಲೋಗ್ರಫಿ’, ಅಂದರೆ ಹರಳುಗಳ ಶಾಸ್ತ್ರ, ಎಂಬ ಪದ ಬಳಸಿದ. 1912ರಲ್ಲಿ ಎಕ್ಸ್ ಕಿರಣ ಹರಳಿನ ಒಳಗನ್ನು ತೋರಿಸಿಕೊಟ್ಟ ಮೇಲೆ, ಪರಮಾಣುಗಳು ರಂಗೋಲಿಯ ಚುಕ್ಕಿಗಳಂತೆ ಸಾಲಾಗಿ ಕೂತದ್ದೇ ಹರಳು ಎಂದಾಯಿತು. ಆ ಲೆಕ್ಕದಲ್ಲಿ ಮಂಜುಗಡ್ಡೆ ಅಪ್ಪಟ ಹರಳು. ಅಂಗಡಿಯಲ್ಲಿ ದುಬಾರಿ ಬೆಲೆಗೆ ಮಾರುವ ‘ಕ್ರಿಸ್ಟಲ್ ಗ್ಲಾಸ್’ ಮಾತ್ರ ಹರಳಲ್ಲ. ಗಾಜಿನೊಳಗೆ ಆ ಸಾಲೇ ಇಲ್ಲ.

ನಮ್ಮ ‘ಹರಳು’ ಉಪ್ಪಿನಲ್ಲೂ ಇದೆ, ಉಂಗುರದಲ್ಲೂ ಇದೆ, ಹರಳೆಣ್ಣೆಯ ಬೀಜದಲ್ಲೂ ಇದೆ. ಸಂಸ್ಕೃತದ ‘ಸ್ಫಟಿಕ’ ಹಳಗನ್ನಡದಲ್ಲಿ ‘ಪಳಿಕು’ ಆಯಿತು, ಆಡುಮಾತಿನಲ್ಲಿ ‘ಪಟಿಕ’ವಾಗಿ ಕ್ಷೌರದಂಗಡಿಗೆ ಬಂತು. ಗಡ್ಡ ಹೆರೆದ ಮೇಲೆ ಒದ್ದೆ ಮಾಡಿ ಕೆನ್ನೆಗೆ ಉಜ್ಜುತ್ತಾರಲ್ಲ, ಅದೇ. ಅದೂ ತಣ್ಣಗೇ ತಾಗುತ್ತದೆ.

ನಮಸ್ಕಾರ.