ಫೋಟೊದಲ್ಲಿ ಮುಖಗಳ ಹಿಂದಿರುವ ಊರು

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೆಯ ಫೋಟೊ ಕೈಗೆ ಬಂದರೆ ಎಲ್ಲರೂ ಮೊದಲು ಮುಖಗಳನ್ನು ಹುಡುಕುತ್ತಾರೆ. ಊರಿನ ಚರಿತ್ರೆ ಬೇಕಾದವರು ಮುಖಗಳ ಹಿಂದಕ್ಕೂ ಕಣ್ಣು ಹಾಯಿಸಬೇಕು. ಹುಲ್ಲಿನ ಮಾಡು, ಈಗಿಲ್ಲದ ಮರ, ಆಗಿನ್ನೂ ಡಾಂಬರು ಕಾಣದ ದಾರಿ, ಇವನ್ನೆಲ್ಲ ಯಾರೂ ಬರೆದಿಟ್ಟಿರುವುದಿಲ್ಲ. ಕ್ಯಾಮೆರಾ ಮಾತ್ರ ಹಿಡಿದಿಟ್ಟಿರುತ್ತದೆ.

ಮೊದಲು ಕಾಲ ನೋಡೋಣ. ತೆಳುವಾದ ಕಾಗದವನ್ನು ರಟ್ಟಿಗೆ ಅಂಟಿಸಿದ್ದು, ಚಿತ್ರ ಕಂದು ಬಣ್ಣದ್ದಾಗಿ, ಭೂತಗನ್ನಡಿಯಲ್ಲಿ ಕಾಗದದ ನಾರು ಕಾಣುತ್ತಿದ್ದರೆ ಅದು ಬಹುಮಟ್ಟಿಗೆ ಮೊಟ್ಟೆಯ ಬಿಳಿಲೋಳೆ ಬಳಿದ ಆಲ್ಬುಮೆನ್ ಪ್ರಿಂಟು. 1850ರಲ್ಲಿ ಬಂದ ಈ ವಿಧಾನ 1890ರ ದಶಕದವರೆಗೂ ಚಾಲ್ತಿಯಲ್ಲಿತ್ತು. ನಾರು ಕಾಣದೆ, ಕಪ್ಪು ಭಾಗಗಳ ಮೇಲೆ ಬೆಳ್ಳಿಯ ಹೊಳಪು ಎದ್ದಿದ್ದರೆ ಅದರ ನಂತರ ಬಂದ, ಜೆಲಾಟಿನ್ ಎಂಬ ಅಂಟಿನ ಪದರದಲ್ಲಿ ಚಿತ್ರ ಕೂತಿರುವ ಜೆಲಾಟಿನ್ ಪ್ರಿಂಟು ಇರಬೇಕು. ಆದರೆ ಹಳೆಯ ನೆಗೆಟಿವಿನಿಂದ ಎಷ್ಟೋ ವರ್ಷದ ಮೇಲೆ ಪ್ರತಿ ತೆಗೆಸಿರುವುದೂ ಉಂಟು. ಕಾಗದದಿಂದ ತಿಳಿಯುವುದು ಆ ಪ್ರತಿಯ ವಯಸ್ಸು ಮಾತ್ರ.

ಎಡಬಲ ಅದಲುಬದಲಾಗಿದೆಯೇ ಎಂದೂ ನೋಡಿ. ನೆಗೆಟಿವಿನ ಗಾಜಿನ ಪ್ಲೇಟನ್ನು ಮಗುಚಿಟ್ಟು ಪ್ರಿಂಟು ಹಾಕಿದರೆ ಇಡೀ ಬೀದಿಯೇ ತಿರುಗುಮುರುಗಾಗುತ್ತದೆ. ಗೋಡೆಯ ಮೇಲಿನ ಅಕ್ಷರ ಸಿಕ್ಕರೆ ಅಲ್ಲಿಗೆ ಸಂಶಯ ತೀರಿತು. ಇಲ್ಲವಾದರೆ ಗಂಡಸರ ಅಂಗಿ ನೋಡಿ: ಸಾಮಾನ್ಯವಾಗಿ ತೊಟ್ಟವರ ಎಡಮಗ್ಗುಲಿನ ಬಟ್ಟೆ ಮೇಲಿರುತ್ತದೆ.

ಫೋಟೊ ತೆಗೆದ ಜಾಗ ಗೊತ್ತುಮಾಡುವುದೇ ಇದರಲ್ಲಿ ಬಲು ಸೊಗಸಾದ ಕೆಲಸ. ಮನೆ ಬೀಳುತ್ತದೆ, ಮರ ಹೋಗುತ್ತದೆ, ಗುಡ್ಡದ ಸಾಲು ಮಾತ್ರ ಅಷ್ಟು ಬೇಗ ಬದಲಾಗುವುದಿಲ್ಲ. ಚಿತ್ರದಲ್ಲಿ ಹತ್ತಿರದ ಒಂದು ಗುರುತು, ಅದರ ನೇರಕ್ಕೆ ದೂರದ ಒಂದು ಗುರುತು ಆರಿಸಿಕೊಳ್ಳಿ. ಗುಡಿಯ ಮೂಲೆ ಮತ್ತು ಗುಡ್ಡದ ತುದಿ ಎನ್ನಿ. ಸ್ಥಳಕ್ಕೆ ಹೋಗಿ, ಎರಡೂ ಚಿತ್ರದಲ್ಲಿರುವಂತೆ ಒಂದೇ ನೇರಕ್ಕೆ ಬರುವವರೆಗೆ ಎಡಕ್ಕೆ ಬಲಕ್ಕೆ ಸರಿಯಿರಿ. ಕ್ಯಾಮೆರಾ ನಿಂತದ್ದು ಆ ಗೆರೆಯ ಮೇಲೆಯೇ. ಇನ್ನೊಂದು ಜೋಡಿ ಹೊಂದಿಸಿದರೆ ಗೆರೆಗಳು ಕೂಡುವ ಜಾಗ ಸಿಗುತ್ತದೆ. ಹೊಂದುತ್ತಲೇ ಇಲ್ಲವೆಂದರೆ ಆರಿಸಿದ ಕಟ್ಟಡವನ್ನು ಆಮೇಲೆ ವಿಸ್ತರಿಸಿರಬಹುದು. ಹಳೆಯ ಗೋಡೆ ಎಲ್ಲಿಯವರೆಗೆ ಇತ್ತೆಂದು ವಿಚಾರಿಸಿ.

ಹಿರಿಯರನ್ನು ಕೇಳುವಾಗ "ಇವರು ನಿಮ್ಮ ತಾತ ಅಲ್ವಾ?" ಎನ್ನಬೇಡಿ, ಹೌದು ಎಂದುಬಿಡುತ್ತಾರೆ. "ಇದು ಯಾರು? ಹೇಗೆ ಗುರುತು ಹಿಡಿದಿರಿ?" ಎಂದು ಕೇಳಿ. ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಕೇಳಿ, ಉತ್ತರಗಳು ಹೊಂದದಿದ್ದರೆ ಎರಡನ್ನೂ ಬರೆದಿಡಿ. ಹೆಸರು ಬರೆಯಲು ಮೂಲ ಫೋಟೊ ಬೇಡ. ಜೆರಾಕ್ಸ್ ಪ್ರತಿಯ ಮೇಲೆ ಸಂಖ್ಯೆ ಹಾಕಿಕೊಳ್ಳಿ. ಮೂಲ ಫೋಟೊದ ಹಿಂದೆ ಬಾಲ್‌ಪೆನ್ನು ಒತ್ತಿದ ಗೆರೆ ಮುಂಬದಿಗೂ ಮೂಡುತ್ತದೆ.

ಸ್ಕ್ಯಾನ್ ಮಾಡುವಾಗ ಚಿತ್ರ ಕಪ್ಪುಬಿಳುಪಾದರೂ ಕಲರ್‌ನಲ್ಲೇ ಮಾಡಿ, 600 ಡಿಪಿಐ (ಅಂಗುಲಕ್ಕೆ 600 ಚುಕ್ಕೆ) ಇಟ್ಟು, ಚಿತ್ರದ ವಿವರ ಕಳೆಯದಂತೆ ಟಿಫ್ ಎಂಬ ಬಗೆಯ ಕಡತವಾಗಿ ಉಳಿಸಿ. ಹಿಂಬದಿಯನ್ನೂ ಬಿಡಬೇಡಿ, ಸ್ಟುಡಿಯೊದ ಮೊಹರು ಹೆಚ್ಚಾಗಿ ಅಲ್ಲೇ ಇರುವುದು.

ಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೊವನ್ನು ಎಳೆಯಲೇಬೇಡಿ. ತೇವಕ್ಕೆ ಮೆತ್ತಗಾದ ಜೆಲಾಟಿನ್ ಗಾಜನ್ನು ಕಚ್ಚಿಕೊಂಡಿರುತ್ತದೆ, ಎಳೆದರೆ ಚಿತ್ರದ ಪದರವೇ ಕಿತ್ತು ಗಾಜಿನಲ್ಲಿ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ, ಹಾಗೆಯೇ ಒಣಜಾಗದಲ್ಲಿ ಇಡಿ.